ಲಗ್ನಪತ್ರಿಕೆಯ ಫೋಲ್ಡರ್ ಕೈಗೆ ಸಿಗುವ ಹಾಗೆ

ನಮ್ಮಪ್ಪ ಗದಗಿನ ಒಂದು ಪ್ರೆಸ್ಸಿನಲ್ಲಿ ಮೊಳೆ, ಅಂದರೆ ಅಚ್ಚಿನ ಲೋಹದ ಅಕ್ಷರ, ಜೋಡಿಸುತ್ತಿದ್ದರು. ಮಧ್ಯಾಹ್ನ ಬುತ್ತಿ ಕೊಡಲು ಹೋದಾಗ ನಾನು ನೋಡುತ್ತ ನಿಲ್ಲುತ್ತಿದ್ದದ್ದು ಅವರ ಬಲಗೈಯನ್ನು. ಎಡಗೈಯಲ್ಲಿ ಮೊಳೆ ಸಾಲಾಗಿ ಕೂರಿಸುವ ಸ್ಟಿಕ್ಕು, ಕಣ್ಣು ಕಾಪಿಯ ಮೇಲೆ, ಬಲಗೈ ಮಾತ್ರ ಮೊಳೆ ತುಂಬಿಡುವ ಕೇಸಿನ ಮನೆಗಳ ಮೇಲೆ ತಾನಾಗಿಯೇ ಓಡಾಡುತ್ತಿತ್ತು. ಕನ್ನಡದ ಕೇಸೆಂದರೆ ಇಂಗ್ಲಿಷಿನದಕ್ಕಿಂತ ಎಷ್ಟೋ ಹೆಚ್ಚು ಮನೆಗಳು. ಅಕ್ಷರ, ಕಾಗುಣಿತದ ರೂಪ, ಒತ್ತು, ಎಲ್ಲಕ್ಕೂ ಬೇರೆ ಬೇರೆ ಮೊಳೆ ಬೇಕು. ಪದೇ ಪದೇ ಬೇಕಾಗುವವು ಎದೆಯ ನೇರಕ್ಕೆ, ಅಪರೂಪದ ಒತ್ತಕ್ಷರಗಳು ದೂರದ ಮೂಲೆಗೆ. "ಹುಡುಕೂದು ಕೆಲಸ ಅಲ್ಲ, ಕೈಗೆ ಗೊತ್ತಿರಬೇಕು" ಎನ್ನುತ್ತಿದ್ದರು.

ನಾನು ಡಿಟಿಪಿಗೆ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸಕ್ಕೆ, ಬಂದೆ. ಲಗ್ನಪತ್ರಿಕೆ, ಪಾವತಿ ಪುಸ್ತಕ, ಕರಪತ್ರ, ಜಾತ್ರೆಯ ಪೋಸ್ಟರ್. ಟೈಪಿಂಗ್ ಬೇಗ ಹತ್ತಿತು, ನುಡಿ ಕೀಲಿಮಣೆ ಬೆರಳಿಗೆ ಕೂತಿತು. ಸಮಯ ಹೋಗುತ್ತಿದ್ದದ್ದು ಹುಡುಕಾಟದಲ್ಲಿ. ವೈಶಾಖದಲ್ಲಿ ಅಂಗಡಿ ತುಂಬ ಗಿರಾಕಿ. ಒಬ್ಬರು ಬಂದು, "ಅಣ್ಣಾರ, ಹ್ವಾದ ವರ್ಷ ನಮ್ಮ ಅಕ್ಕಂದು ಮಾಡಿದ್ರಲ್ಲ, ಹಂಗ ಇರಲಿ, ಹೆಸರು ಅಷ್ಟ ಬದ್ಲಿ ಮಾಡ್ರಿ" ಎನ್ನುತ್ತಾರೆ. ನಾನು ಮೈ ಕಂಪ್ಯೂಟರ್ ತೆಗೆದು, ಡಿ ಡ್ರೈವ್, ಅದರೊಳಗೆ ಕೆಲಸ, ಅದರೊಳಗೆ ಲಗ್ನಪತ್ರಿಕೆ, ಅದರೊಳಗೆ ವರ್ಷ, ಅದರೊಳಗೆ ತಿಂಗಳು. ಆರು ಸಲ ಕ್ಲಿಕ್ ಮಾಡಿದ ಮೇಲೆ ಫೈಲು. ಗಿರಾಕಿ ಬೆನ್ನ ಹಿಂದೆ ನಿಂತಿರುತ್ತಾರೆ. ದಿನಕ್ಕೆ ಐವತ್ತು ಸಲ ಹೀಗೆ ಇಳಿದು ಹತ್ತಿದಾಗ ಅಪ್ಪನ ಮಾತು ನೆನಪಾಗದೆ ಇರಲಿಲ್ಲ.

ಪರದೆಯ ಕೆಳಗಿನ ಪಟ್ಟಿಯಲ್ಲಿ, ಅಂದರೆ ಟಾಸ್ಕ್‌ಬಾರಿನಲ್ಲಿ, ನಾವೆಲ್ಲ ಇಡುವುದು ಪ್ರೋಗ್ರಾಂಗಳನ್ನು. ಪೇಜ್‌ಮೇಕರ್, ಕೋರೆಲ್, ಫೋಟೋಶಾಪ್. ನನ್ನ ಮಟ್ಟಿಗೆ ಅದು ಉಲ್ಟಾ. ಪೇಜ್‌ಮೇಕರನ್ನು ಬೆಳಿಗ್ಗೆ ಒಮ್ಮೆ ತೆರೆದರೆ ರಾತ್ರಿವರೆಗೆ ತೆರೆದೇ ಇರುತ್ತದೆ. ದಿನವಿಡೀ ಬೇಕಾಗುವುದು ಫೋಲ್ಡರು. ಇಷ್ಟು ಹೊಳೆದ ಮೇಲೆ ಉಳಿದದ್ದೆಲ್ಲ ಕೈಕೆಲಸ.

ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಇದು ಬಹಳ ಸಲೀಸಾಗಿತ್ತು. ಡೆಸ್ಕ್‌ಟಾಪ್ ಮೇಲಿನ ಫೋಲ್ಡರನ್ನು ಹಿಡಿದು ಪರದೆಯ ಬಲ ಅಂಚಿಗೆ ಎಳೆದು ಬಿಟ್ಟರೆ ಸಾಕು, ಅಲ್ಲೇ ಒಂದು ಪಟ್ಟಿಯಾಗಿ ನಿಲ್ಲುತ್ತಿತ್ತು. ಬೇಡವಾದಾಗ ಮರೆಯಾಗು, ಇಲಿ (ಮೌಸ್) ತಾಗಿದಾಗ ಹೊರಗೆ ಬಾ ಎಂದು ಹೇಳಿಡಬಹುದಿತ್ತು. ವಿಂಡೋಸ್ 7 ಬಂದಾಗ ಆ ಅನುಕೂಲ ಹೋಯಿತು. ಉಳಿದದ್ದು ಟಾಸ್ಕ್‌ಬಾರಿನೊಳಗಿನ ಟೂಲ್‌ಬಾರ್. 7ರಲ್ಲೂ 10ರಲ್ಲೂ ನಾನು ಹೆಚ್ಚು ವರ್ಷ ದುಡಿದದ್ದು ಅದರ ಮೇಲೆಯೇ.

ಮಾಡುವ ಕ್ರಮ ಇಷ್ಟೆ. ಟಾಸ್ಕ್‌ಬಾರಿನ ಖಾಲಿ ಜಾಗದಲ್ಲಿ ಬಲಗುಂಡಿ ಒತ್ತಿ, ಟೂಲ್‌ಬಾರ್ಸ್, ಅದರಲ್ಲಿ ನ್ಯೂ ಟೂಲ್‌ಬಾರ್, ಬೇಕಾದ ಫೋಲ್ಡರ್ ತೋರಿಸುವುದು. ಗಡಿಯಾರದ ಎಡಕ್ಕೆ ಫೋಲ್ಡರಿನ ಹೆಸರು, ಪಕ್ಕದಲ್ಲಿ ಜೋಡಿ ಬಾಣ ಕಾಣುತ್ತದೆ. ಬಾಣ ಒತ್ತಿದರೆ ಒಳಗಿರುವುದೆಲ್ಲ ಮೆನುವಾಗಿ ಮೇಲೇಳುತ್ತದೆ. ಒಳಫೋಲ್ಡರಿನ ಮೇಲೆ ಇಲಿ ತಂದು ನಿಲ್ಲಿಸಿದರೆ ಅದೂ ಬಿಚ್ಚಿಕೊಳ್ಳುತ್ತದೆ, ಅದರೊಳಗಿನದೂ. ಒಂದೇ ಒಂದು ವಿಂಡೋ ತೆರೆಯದೆ ಡಿ ಡ್ರೈವಿನ ತಳದಲ್ಲಿರುವ ಫೈಲನ್ನು ಮುಟ್ಟಬಹುದು. ಜಾಗ ಬದಲಿಸಬೇಕಾದರೆ 'ಲಾಕ್ ದ ಟಾಸ್ಕ್‌ಬಾರ್' ಗುರುತು ತೆಗೆದು, ಹಿಡಿಗೆರೆಯನ್ನು ಹಿಡಿದು ಎಳೆಯಬೇಕು. ಬೀಗ ತೆಗೆದಾಗಲೇ ಟೂಲ್‌ಬಾರಿನ ಮೇಲೆ ಬಲಗುಂಡಿ ಒತ್ತಿದರೆ 'ಶೋ ಟೆಕ್ಸ್ಟ್' (ಒಳಗಿರುವವುಗಳ ಹೆಸರು), 'ಶೋ ಟೈಟಲ್' (ಫೋಲ್ಡರಿನ ಹೆಸರು) ಎಂಬೆರಡು ಆಯ್ಕೆ ಸಿಗುತ್ತವೆ. ನಾನು ಟೈಟಲ್ ಮಾತ್ರ ಇಟ್ಟುಕೊಂಡೆ. ಎರಡೂ ಇಟ್ಟರೆ ಪಟ್ಟಿ ತುಂಬಿ ಏನೂ ಕಾಣುವುದಿಲ್ಲ.

ಮೊದಲು ನೇರವಾಗಿ 'ಕೆಲಸ' ಫೋಲ್ಡರನ್ನೇ ತೋರಿಸಿದ್ದೆ. ಅದು ತಪ್ಪಾಯಿತು. ನೂರಾರು ಹೆಸರುಗಳ ಮೆನು ಪರದೆಯ ತುದಿ ಮುಟ್ಟಿ ಮೇಲಕ್ಕೂ ಕೆಳಕ್ಕೂ ಸರಿಯತೊಡಗಿತು. ಅದಕ್ಕಿಂತ ದೊಡ್ಡ ಪೆಟ್ಟು ಆಮೇಲೆ ಬಿತ್ತು. ಕೆಲಸ ಕಲಿಯಲು ಬಂದಿದ್ದ ಹುಡುಗನಿಗೆ, ಬೇಡವಾದವನ್ನು ಪಟ್ಟಿಯಿಂದ ತೆಗೆ ಎಂದು ಹೇಳಿ ಚಹಾಕ್ಕೆ ಹೋಗಿದ್ದೆ. ಅವನು ಮೆನುವಿನಲ್ಲೇ ಬಲಗುಂಡಿ ಒತ್ತಿ ಡಿಲೀಟ್ ಕೊಟ್ಟಿದ್ದ. ಟೂಲ್‌ಬಾರಿನಲ್ಲಿ ಕಾಣುವುದು ನಕಲಲ್ಲ, ಫೋಲ್ಡರೇ. ಅಲ್ಲಿ ಅಳಿಸಿದರೆ ಡಿ ಡ್ರೈವಿನಲ್ಲಿ ಅಳಿಯುತ್ತದೆ. ಎರಡು ವರ್ಷದ ಜಾತ್ರೆ ಪೋಸ್ಟರುಗಳು ಹೋಗಿದ್ದವು. ರಿಸೈಕಲ್ ಬಿನ್ನಿನಲ್ಲಿ ಸಿಕ್ಕವು, ಜೀವ ಬಂತು. ಹುಡುಗನದು ತಪ್ಪಿರಲಿಲ್ಲ. ಅದನ್ನು ಹೇಳಿಕೊಡದೆ ಹೋದದ್ದು ನಾನು.

ಅಂದೇ 'ಕೈಪಟ್ಟಿ' ಎಂಬ ಹೊಸ ಫೋಲ್ಡರ್ ಮಾಡಿದೆ. ಅದರಲ್ಲಿ ಒಂದೂ ನಿಜವಾದ ಫೈಲಿಲ್ಲ, ಅಸಲಿ ಫೋಲ್ಡರಿಗೆ ದಾರಿ ತೋರಿಸುವ ಬರೀ ಶಾರ್ಟ್‌ಕಟ್‌ಗಳು. ಟೂಲ್‌ಬಾರು ತೋರಿಸುವುದು ಕೈಪಟ್ಟಿಯನ್ನು. ಅದರಲ್ಲಿ ಏನು ಅಳಿಸಿದರೂ, ಹೆಸರು ಬದಲಿಸಿದರೂ, ಕೈಜಾರಿ ಎಳೆದರೂ ಅಸಲಿಗೆ ಏನೂ ಆಗುವುದಿಲ್ಲ. ಈ ವಿಷಯದಲ್ಲಿ ಒಂದೇ ಒಂದು ಮಾತು ಹೇಳು ಎಂದರೆ ನಾನು ಇದನ್ನೇ ಹೇಳುತ್ತೇನೆ: ಟೂಲ್‌ಬಾರಿಗೆ ಕೆಲಸದ ಫೋಲ್ಡರ್ ಕೊಡಬೇಡಿ, ದಾರಿ ತೋರಿಸುವ ಫೋಲ್ಡರ್ ಕೊಡಿ.

ಆದರೆ ಶಾರ್ಟ್‌ಕಟ್ಟಿಗೆ ಒಂದು ಕೊರತೆ ಇದೆ. ಮೆನುವಿನಲ್ಲಿ ಅದು ಬಿಚ್ಚಿಕೊಳ್ಳುವುದಿಲ್ಲ, ಒತ್ತಿದರೆ ವಿಂಡೋ ತೆರೆಯುತ್ತದೆ ಅಷ್ಟೆ. ಬಿಚ್ಚಿಕೊಳ್ಳಬೇಕಾದರೆ ಜಂಕ್ಷನ್, ಅಂದರೆ ಫೋಲ್ಡರಿನಂತೆಯೇ ಕಾಣುವ, ಅಸಲಿ ಫೋಲ್ಡರಿಗೆ ಒಯ್ಯುವ ಕೊಂಡಿ ಮಾಡಬೇಕು. ಕಮಾಂಡ್ ಪ್ರಾಂಪ್ಟ್ ತೆರೆದು 'ಎಂಕೆಲಿಂಕ್' ಎಂದು ಬರೆದು, ಓರೆಗೆರೆ, ಜೆ, ಆಮೇಲೆ ಹೊಸ ಹೆಸರಿನ ದಾರಿ, ಅದರ ಮುಂದೆ ಅಸಲಿ ಫೋಲ್ಡರಿನ ದಾರಿ. ಎರಡನ್ನೂ ಉದ್ಧರಣ ಚಿಹ್ನೆಯೊಳಗೆ ಹಾಕಿದರೆ ನಡುವಿನ ಖಾಲಿ ಜಾಗ ತೊಂದರೆ ಕೊಡುವುದಿಲ್ಲ. ಆ ಕಪ್ಪು ಪರದೆಯಲ್ಲಿ ಕನ್ನಡ ಸರಿಯಾಗಿ ಮೂಡುವುದಿಲ್ಲವಾದ್ದರಿಂದ ನಾನು ಮೊದಲು ಇಂಗ್ಲಿಷ್ ಹೆಸರು ಕೊಟ್ಟು, ಆಮೇಲೆ ಫೋಲ್ಡರು ತೆರೆಯುವ ಎಕ್ಸ್‌ಪ್ಲೋರರಿನಲ್ಲಿ ಕನ್ನಡಕ್ಕೆ ಬದಲಿಸಿಕೊಂಡೆ. ಜಂಕ್ಷನ್ ಅದೇ ಕಂಪ್ಯೂಟರಿನ ಡ್ರೈವುಗಳಿಗೆ ಮಾತ್ರ ನಡೆಯುತ್ತದೆ. ಪಕ್ಕದ ಮೇಜಿನ ಕಂಪ್ಯೂಟರಿನ ಫೋಲ್ಡರಿಗೆ ಶಾರ್ಟ್‌ಕಟ್ಟೇ ಗತಿ. ಮತ್ತೆ, ಜಂಕ್ಷನ್ನಿನ ಒಳಗಿರುವ ಫೈಲುಗಳು ಅಸಲಿಯೇ. ಅಲ್ಲಿ ಅಳಿಸಿದರೆ ಹೋದಂತೆಯೇ. ಹಾಗಾಗಿ ಜಂಕ್ಷನ್ ಎರಡೇ ಇಟ್ಟುಕೊಂಡಿದ್ದೇನೆ, ಉಳಿದದ್ದೆಲ್ಲ ಶಾರ್ಟ್‌ಕಟ್.

ಕನ್ನಡದವರಿಗೇ ಬರುವ ಒಂದು ತೊಡಕನ್ನು ಇಲ್ಲಿ ಹೇಳಬೇಕು. ಪೇಜ್‌ಮೇಕರಿನಂಥ ಹಳೆಯ ತಂತ್ರಾಂಶಗಳು, ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೇ ಸಂಕೇತಪಟ್ಟಿಯಾದ ಯೂನಿಕೋಡಿಗಿಂತ ಹಿಂದಿನ ಪದ್ಧತಿಯವು. ವಿಂಡೋಸಿನಲ್ಲಿ ಕನ್ನಡಕ್ಕೆ ಆ ಹಳೆಯ ಪದ್ಧತಿಯ ಕೋಡ್‌ಪೇಜ್ (ಅಕ್ಷರಗಳ ಸಂಕೇತಪಟ್ಟಿ) ಇಲ್ಲವೇ ಇಲ್ಲ. ಹಾಗಾಗಿ ಫೋಲ್ಡರಿಗೆ 'ಲಗ್ನಪತ್ರಿಕೆ' ಎಂದು ಯೂನಿಕೋಡ್ ಕನ್ನಡದಲ್ಲಿ ಹೆಸರಿಟ್ಟರೆ ಆ ತಂತ್ರಾಂಶಕ್ಕೆ ಕಾಣುವುದು ಸಾಲು ಪ್ರಶ್ನಾರ್ಥಕ ಚಿಹ್ನೆ. ನನ್ನ ಫೈಲು ತೆರೆಯಲೇ ಇಲ್ಲ. ಹಾಗಂತ ಹೆಸರನ್ನು ಇಂಗ್ಲಿಷಿನಲ್ಲಿ ಇಡಲು ನನಗೆ ಮನಸ್ಸಿರಲಿಲ್ಲ. ಇಡೀ ದಿನ ಕನ್ನಡ ಓದುವ ಕಣ್ಣು ಮೆನುವಿನಲ್ಲೂ ಕನ್ನಡವನ್ನೇ ಬೇಗ ಹಿಡಿಯುತ್ತದೆ. ಇದಕ್ಕೂ ಕೈಪಟ್ಟಿಯೇ ಉಪಾಯವಾಯಿತು. ಅಸಲಿ ಫೋಲ್ಡರಿಗೆ ಇಂಗ್ಲಿಷ್ ಹೆಸರು, ಅದಕ್ಕೆ ದಾರಿ ತೋರಿಸುವ ಶಾರ್ಟ್‌ಕಟ್ಟಿಗೆ ಕನ್ನಡ ಹೆಸರು. ಶಾರ್ಟ್‌ಕಟ್ ಒತ್ತಿದಾಗ ತೆರೆಯುವುದು ಅಸಲಿ ದಾರಿ, ಹಾಗಾಗಿ ಪೇಜ್‌ಮೇಕರಿಗೆ ಪ್ರಶ್ನಾರ್ಥಕ ಕಾಣುವುದಿಲ್ಲ. ಜಂಕ್ಷನ್ನಿನಲ್ಲಿ ಹೀಗಾಗುವುದಿಲ್ಲ. ಅಲ್ಲಿ ಕನ್ನಡ ಹೆಸರು ದಾರಿಯೊಳಗೇ ಉಳಿಯುತ್ತದೆ. ಪೇಜ್‌ಮೇಕರ್ ಫೈಲುಗಳಿಗೆ ಶಾರ್ಟ್‌ಕಟ್, ಚಿತ್ರ ಮತ್ತು ಪಿಡಿಎಫ್‌ಗಳಿಗೆ ಜಂಕ್ಷನ್ ಎಂದು ಗಟ್ಟಿ ಮಾಡಿಕೊಂಡೆ.

ನನ್ನ ಎರಡು ಜಂಕ್ಷನ್‌ಗಳಲ್ಲಿ ಒಂದರ ಹೆಸರು 'ಮನೆದೇವರು'. ನಮ್ಮ ಕಡೆ ಲಗ್ನಪತ್ರಿಕೆಯ ನೆತ್ತಿಯ ಮೇಲೆ ಗಣಪತಿಯ ಜೊತೆಗೆ ಮನೆದೇವರು ಇರಲೇಬೇಕು. ಒಬ್ಬರಿಗೆ ಸವದತ್ತಿ ಯಲ್ಲಮ್ಮ, ಒಬ್ಬರಿಗೆ ಗೊಡಚಿ ವೀರಭದ್ರ, ಇನ್ನೊಬ್ಬರಿಗೆ ಮೈಲಾರಲಿಂಗ. ಗಿರಾಕಿ ಕೂತ ಕೂಡಲೇ ಮೊದಲು ಕೇಳುವ ಪ್ರಶ್ನೆಯೇ "ಮನಿದೇವ್ರು ಯಾವ್ದ್ರಿ?" ಅವರು ಹೆಸರು ಹೇಳಿ ಮುಗಿಸುವಷ್ಟರಲ್ಲಿ ನನ್ನ ಇಲಿ ಜೋಡಿ ಬಾಣ ಒತ್ತಿ, ಮನೆದೇವರು ಬಿಚ್ಚಿ, ಚಿತ್ರ ತೆರೆದಿರುತ್ತಿತ್ತು. ದೇವರನ್ನು ಪರದೆಯ ಮೇಲೆ ಕಂಡು ಕೆಲವರು ಕೈ ಮುಗಿಯುತ್ತಿದ್ದರು. ಆಮೇಲಿನ ಮಾತುಕತೆಯೇ ಬೇರೆ ಹದಕ್ಕೆ ಬರುತ್ತಿತ್ತು, ಇವರು ನಮ್ಮನ್ನು ಬಲ್ಲವರು ಎಂಬ ಹಾಗೆ.

ಅದರಲ್ಲಿ ಹೆಸರಿಡುವುದಕ್ಕೂ ಬುದ್ಧಿ ಖರ್ಚಾಯಿತು. ಮೊದಲು ಎಲ್ಲಕ್ಕೂ ಭಕ್ತಿಯಿಂದ 'ಶ್ರೀ' ಎಂದು ಶುರುಮಾಡಿದ್ದೆ. ಅಕಾರಾದಿಯಲ್ಲಿ ಅಷ್ಟೂ ದೇವರು 'ಶ'ಕಾರದ ಕೆಳಗೆ ಗುಂಪಾಗಿ ಕೂತವು, ಕಣ್ಣಿಗೆ ಯಾವುದೂ ಬೇರೆಯಾಗಿ ಸಿಗಲಿಲ್ಲ. ಆಮೇಲೆ ಜನ ಹೇಳುವ ಹಾಗೆ ಊರಿನ ಹೆಸರನ್ನೇ ಮುಂದಿಟ್ಟೆ: ಗೊಡಚಿ ವೀರಭದ್ರ, ಬಾದಾಮಿ ಬನಶಂಕರಿ, ಸವದತ್ತಿ ಯಲ್ಲಮ್ಮ, ಸಿರಸಂಗಿ ಕಾಳಮ್ಮ. 'ಶ್ರೀ' ಪತ್ರಿಕೆಯಲ್ಲಿ ಇದ್ದೇ ಇರುತ್ತದೆ, ಫೈಲಿನ ಹೆಸರಿಗೆ ಬೇಕಿಲ್ಲ.

ಒಮ್ಮೆ ಮಾಡಿಟ್ಟದ್ದು ಹಾಗೇ ಉಳಿಯುತ್ತದೆ ಎಂದುಕೊಂಡಿದ್ದೆ. ಒಂದು ಮಳೆಗಾಲ, ಯುಪಿಎಸ್ ಬ್ಯಾಟರಿ ಸತ್ತಿತ್ತು, ಕರೆಂಟು ಹೋಯಿತು. ಮತ್ತೆ ಚಾಲೂ ಮಾಡಿದರೆ ಟಾಸ್ಕ್‌ಬಾರು ಬೋಳು. ಫೋಲ್ಡರುಗಳೆಲ್ಲ ಇದ್ದವು, ಟೂಲ್‌ಬಾರು ಮಾತ್ರ ಇರಲಿಲ್ಲ. ಮತ್ತೆ ಜೋಡಿಸಿದೆ, ವಾರದೊಳಗೆ ಮತ್ತೆ ಹೋಯಿತು. ಕಾರಣ ಆಮೇಲೆ ತಿಳಿಯಿತು. ಟೂಲ್‌ಬಾರಿನ ಜೋಡಣೆಯನ್ನು ವಿಂಡೋಸ್ ತನ್ನ ಸೆಟ್ಟಿಂಗುಗಳ ದಾಖಲೆಯಾದ ರಿಜಿಸ್ಟ್ರಿಗೆ ಬರೆಯುವುದು ಲಾಗಾಫ್ ಆಗುವಾಗ, ಅಂದರೆ ಬಳಕೆದಾರ ಹೊರಬರುವಾಗ. ನಡುವೆ ಕರೆಂಟು ಹೋದರೆ ಬರೆದಿರುವುದೇ ಇಲ್ಲ. ಅಂದಿನಿಂದ ಟೂಲ್‌ಬಾರ್ ಜೋಡಿಸಿದ ಕೂಡಲೇ ಒಮ್ಮೆ ಲಾಗಾಫ್ ಮಾಡಿ ಒಳಗೆ ಬರುತ್ತಿದ್ದೆ. ಆಮೇಲೆ ಆ ಕಾಟ ನನಗೆ ಬರಲಿಲ್ಲ.

ವಿಂಡೋಸ್ 11 ಬಿಡುಗಡೆಯಾದದ್ದು 2021ರ ಅಕ್ಟೋಬರಿನಲ್ಲಿ. ಅಂಗಡಿಗೆ ತಂದ ಹೊಸ ಕಂಪ್ಯೂಟರಿನಲ್ಲಿ ಅದೇ ಇತ್ತು. ಟಾಸ್ಕ್‌ಬಾರಿನ ಮೇಲೆ ಬಲಗುಂಡಿ ಒತ್ತಿದೆ, ಟೂಲ್‌ಬಾರ್ಸ್ ಎಂಬ ಸಾಲೇ ಇಲ್ಲ. ತೆಗೆದೇ ಹಾಕಿದ್ದಾರೆ. ನನಗೆ ನಿಜವಾಗಿ ಬೇಸರವಾಯಿತು, ಈಗಲೂ ಇದೆ. ಇಷ್ಟು ವರ್ಷ ಕೈ ಕಲಿತದ್ದನ್ನು ಒಂದೇ ದಿನದಲ್ಲಿ ಇಲ್ಲ ಎನ್ನುವುದು ದುಡಿಯುವವನಿಗೆ ಸಣ್ಣ ಮಾತಲ್ಲ.

ಆದರೂ ಕೈಪಟ್ಟಿ ಕೆಡಲಿಲ್ಲ, ಅದು ಬರೀ ಒಂದು ಫೋಲ್ಡರು ತಾನೆ. ಅದಕ್ಕೊಂದು ಶಾರ್ಟ್‌ಕಟ್ ಮಾಡಿ, ಅದರ ಪ್ರಾಪರ್ಟೀಸಿನಲ್ಲಿ ಟಾರ್ಗೆಟ್ ಸಾಲಿನ ಆರಂಭದಲ್ಲಿ 'ಎಕ್ಸ್‌ಪ್ಲೋರರ್' ಎಂದು ಇಂಗ್ಲಿಷಿನಲ್ಲಿ ಸೇರಿಸಿ ಒಂದು ಖಾಲಿ ಜಾಗ ಬಿಟ್ಟೆ. ಹೀಗೆ ಮಾಡಿದ ಮೇಲೆ ಫೋಲ್ಡರನ್ನೂ ಟಾಸ್ಕ್‌ಬಾರಿಗೆ ಪಿನ್ ಮಾಡಬಹುದು. ಐಕಾನ್ ಬದಲಿಸಿ ಕೆಂಪು ಬಣ್ಣದ್ದು ಹಾಕಿದೆ, ಎಡತುದಿಗೆ ಎಳೆದೆ. ಈಗ ವಿಂಡೋಸ್ ಕೀಲಿ ಹಿಡಿದು 1 ಒತ್ತಿದರೆ ಕೈಪಟ್ಟಿ ತೆರೆಯುತ್ತದೆ, ಇಲಿ ಮುಟ್ಟಬೇಕಿಲ್ಲ. ಎರಡನೇ ಸಲ ಒತ್ತಿದರೆ ಇನ್ನೊಂದು ವಿಂಡೋ ತೆರೆಯುವುದು ಮಾತ್ರ ಕಿರಿಕಿರಿ. ಉಳಿದ ನಾಲ್ಕಾರು ಫೋಲ್ಡರುಗಳನ್ನು ಎಕ್ಸ್‌ಪ್ಲೋರರಿನೊಳಗಿನ ಕ್ವಿಕ್ ಆಕ್ಸೆಸ್‌ನಲ್ಲಿ ಪಿನ್ ಮಾಡಿದ್ದೇನೆ. ಕೆಳಗಿನ ಎಕ್ಸ್‌ಪ್ಲೋರರ್ ಐಕಾನಿನ ಮೇಲೆ ಬಲಗುಂಡಿ ಒತ್ತಿದರೂ ಅವು ಪಟ್ಟಿಯಾಗಿ ಬರುತ್ತವೆ. ಕೆಲಸ ನಡೆಯುತ್ತದೆ. ಬಿಚ್ಚಿಕೊಳ್ಳುವ ಮೆನುವಿನ ಸುಖ ಇಲ್ಲ.

ಆ ಸುಖ ಮತ್ತೆ ಸಿಕ್ಕದ್ದು ಹಳೆಯ ಕಂಪ್ಯೂಟರಿನಲ್ಲಿ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿಯುತ್ತದೆ ಎಂದಾಗ, 11 ಹೊರಲಾರದ ಆ ಯಂತ್ರಕ್ಕೆ ವಿಂಡೋಸಿನ ಬದಲು ಲಿನಕ್ಸ್ ಮಿಂಟಿನ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿದೆ. ಅದರ ಟಾಸ್ಕ್‌ಬಾರಿನಂಥ ಪ್ಯಾನೆಲ್ಲಿಗೆ 'ಡೈರೆಕ್ಟರಿ ಮೆನು' ಎಂಬುದೊಂದನ್ನು ಸೇರಿಸಬಹುದು. ಯಾವ ಫೋಲ್ಡರ್, ಯಾವ ಐಕಾನ್ ಎಂದು ಹೇಳಿದರೆ ಸಾಕು, ಒತ್ತಿದಾಗ ಹಿಂದಿನ ಹಾಗೆಯೇ ಒಳಗೊಳಗೆ ಬಿಚ್ಚಿಕೊಳ್ಳುತ್ತದೆ. ಜೊತೆಗೆ ವಿಂಡೋಸಿನಲ್ಲಿ ನಾನು ಕಾಣದ ಒಂದು ಅನುಕೂಲ ಇದೆ: ಯಾವ ಬಗೆಯ ಫೈಲು ಮಾತ್ರ ಕಾಣಬೇಕು ಎಂದು ಬರೆದಿಡಬಹುದು. ನಕ್ಷತ್ರ ಚಿಹ್ನೆ, ಚುಕ್ಕೆ, ಪಿಡಿಎಫ್ ಎಂದು ಕೊಟ್ಟೆ. ಗಿರಾಕಿಗೆ ಪ್ರೂಫ್ ತೋರಿಸುವ ಮೇಜು ಅದು, ಅಲ್ಲಿ ಪಿಡಿಎಫ್ ಬಿಟ್ಟು ಬೇರೆ ಕಾಣುವ ಅಗತ್ಯವಿಲ್ಲ. ಹುಡುಗ ಈಗ ಅದನ್ನು ನೋಡಿಕೊಳ್ಳುತ್ತಾನೆ.

ಕೈಪಟ್ಟಿಯ ಶಾರ್ಟ್‌ಕಟ್‌ಗಳಿಗೆ ಮುಂದೆ 01, 02 ಎಂದು ಅಂಕಿ ಹಚ್ಚಿದ್ದೇನೆ, ಆ ಕ್ರಮದಲ್ಲೇ ಸಾಲಾಗಿ ಬರುತ್ತವೆ. ಬರೀ ಶಾರ್ಟ್‌ಕಟ್ಟಾದ್ದರಿಂದ ಎಷ್ಟು ಸಲ ಬದಲಿಸಿದರೂ ಭಯವಿಲ್ಲ, ಹಂಗಾಮಿಗೆ ತಕ್ಕಂತೆ ಬದಲಿಸುತ್ತಲೇ ಇರುತ್ತೇನೆ. ಈಗ ಶ್ರಾವಣ. ಗಣೇಶ ಮಂಡಳಿಗಳ ಹುಡುಗರು ಪಟ್ಟಿ (ವಂತಿಗೆ) ಎತ್ತಲು ಪಾವತಿ ಪುಸ್ತಕ ಮಾಡಿಸಲು ಬರುತ್ತಿದ್ದಾರೆ, ಹಾಗಾಗಿ ಪಾವತಿ ಪುಸ್ತಕ 01. ಲಗ್ನಪತ್ರಿಕೆ ಕೆಳಗೆ 05ಕ್ಕೆ ಇಳಿದಿದೆ. ತುಳಸಿ ಲಗ್ನ ಮುಗಿದ ಮರುದಿನ ಅದನ್ನು ಮತ್ತೆ ಮೇಲಕ್ಕೆ ತರುತ್ತೇನೆ.