ಮೂಡಲಪಾಯದ ಡಿಸ್ಕ್ ಎಲ್ಲರ ಕಂಪ್ಯೂಟರಿನಲ್ಲೂ ತೆರೆಯಬೇಕಾದರೆ

ತಿಪಟೂರು ಕಡೆಯ ಮೂಡಲಪಾಯ ಯಕ್ಷಗಾನ ತಂಡಗಳ ಆಟ ರೆಕಾರ್ಡ್ ಮಾಡಿ, ತುಮಕೂರಿನ ನಮ್ಮ ಸ್ಟುಡಿಯೋದಲ್ಲಿ ಡಿಸ್ಕ್ ಬರ್ನ್ ಮಾಡಿಕೊಡುತ್ತೇನೆ. ಅದೇ ಡಿಸ್ಕ್ ಭಾಗವತರ ಮನೆಯ ಹಳೇ ವಿಂಡೋಸ್ ಎಕ್ಸ್‌ಪಿಯಲ್ಲೂ ತೆರೆಯಬೇಕು, ಕಾಲೇಜು ಲ್ಯಾಬಿನ ಉಬುಂಟು ಲಿನಕ್ಸಿನಲ್ಲೂ ತೆರೆಯಬೇಕು, ಬೆಂಗಳೂರಿನಲ್ಲಿರುವ ಮಗಳ ಮ್ಯಾಕಿನಲ್ಲೂ ತೆರೆಯಬೇಕು. ಬೆಳಗಿನ ಜಾವದವರೆಗೆ ಕುಣಿದವರ ಆಟ ಒಂದು ತಪ್ಪು ಆಯ್ಕೆಯಿಂದ ಯಾರಿಗೂ ಕಾಣದೆ ಹೋಗಬಾರದು.

ಖಾಲಿ ಡಿಸ್ಕ್ ಹಾಕಿದ ಕೂಡಲೇ ವಿಂಡೋಸ್ ಎರಡು ದಾರಿ ತೋರಿಸುತ್ತದೆ. 'ಲೈಕ್ ಎ ಯುಎಸ್‌ಬಿ ಫ್ಲಾಶ್ ಡ್ರೈವ್' ಎಂಬುದನ್ನು ಮುಟ್ಟಬೇಡಿ. ನಿಮ್ಮ ಮಷಿನ್ನಿನಲ್ಲಿ ಚೆನ್ನಾಗಿ ಕಂಡ ಆ ಡಿಸ್ಕ್ ಬೇರೆಯವರ ಹಳೇ ಕಂಪ್ಯೂಟರಿನಲ್ಲಿ, ಡಿವಿಡಿ ಪ್ಲೇಯರಿನಲ್ಲಿ ಖಾಲಿಯಂತೆ ಕಾಣಬಹುದು. 'ವಿತ್ ಎ ಸಿಡಿ/ಡಿವಿಡಿ ಪ್ಲೇಯರ್' ಒತ್ತಿ, ಎಲ್ಲ ಫೈಲುಗಳನ್ನೂ ಒಂದೇ ಸಲ ಬರೆಯಿರಿ. ಮತ್ತೆ ಮತ್ತೆ ಸೇರಿಸುತ್ತಾ ಹೋದರೆ ಕೆಲವು ಡ್ರೈವ್‌ಗಳು ಮೊದಲ ಕಂತನ್ನು ಮಾತ್ರ ಓದುತ್ತವೆ. ಬರೆದಾದ ಮೇಲೆ ಡಿಸ್ಕ್ ಕ್ಲೋಸ್ ಮಾಡಲೇಬೇಕು, ಅಂದರೆ ಇನ್ನೇನೂ ಸೇರಿಸಲಾಗದಂತೆ ಮುಗಿಸಬೇಕು. ಫೈನಲೈಸ್ ಎನ್ನುವುದೂ ಇದನ್ನೇ.

ನಾನು ಬಳಸುವ ಡಿಸ್ಕ್ ಬರೆಯುವ ಸಾಫ್ಟ್‌ವೇರ್ ಇಮ್‌ಗ್‌ಬರ್ನ್. ಅದರಲ್ಲಿ ಫೈಲ್ ಸಿಸ್ಟಮ್ (ಡಿಸ್ಕ್ ಮೇಲೆ ಫೈಲುಗಳನ್ನು ಜೋಡಿಸಿಡುವ ಕ್ರಮ) ಆರಿಸುವಾಗ ಐಎಸ್‌ಒ 9660, ಜೋಲಿಯೆಟ್, ಯುಡಿಎಫ್ ಮೂರೂ ಸೇರಿರುವ ಆಯ್ಕೆಯನ್ನೇ ಹಿಡಿಯುತ್ತೇನೆ, ಯುಡಿಎಫ್ ಆವೃತ್ತಿ 1.02. ಐಎಸ್‌ಒ 9660 ಬಂದದ್ದು 1988ರಲ್ಲಿ. ಅದನ್ನು ಓದದ ಕಂಪ್ಯೂಟರ್ ಸಿಗುವುದು ಕಷ್ಟ. ಆದರೆ ಅದರ ಮೂಲ ನಿಯಮದಲ್ಲಿ ಫೈಲ್ ಹೆಸರಿಗೆ ಎಂಟು ಅಕ್ಷರ, ಚುಕ್ಕೆಯ ನಂತರದ ಬಾಲಕ್ಕೆ ಮೂರು. ಉದ್ದ ಹೆಸರಿಗೆಂದು ಮೈಕ್ರೋಸಾಫ್ಟ್ ಜೋಲಿಯೆಟ್ ತಂದಿತು. ಲಿನಕ್ಸ್‌ನವರಿಗೆ ಅದೇ ಕೆಲಸಕ್ಕೆ ರಾಕ್ ರಿಡ್ಜ್ ಇದೆ. ಉಬುಂಟುವಿನಲ್ಲಿ ಡಿಸ್ಕ್ ಬರೆಯಲು ಕೆ3ಬಿ ಬಳಸುವವರು ರಾಕ್ ರಿಡ್ಜ್, ಜೋಲಿಯೆಟ್ ಎರಡಕ್ಕೂ ಟಿಕ್ ಹಾಕಿ. ಮ್ಯಾಕಿನ ಫೈಂಡರ್ ಬರೆದ ಡಿಸ್ಕ್ ವಿಂಡೋಸಿಗೂ ಒಗ್ಗುತ್ತದೆ. ಮ್ಯಾಕಿನದೇ ಫೈಲ್ ಸಿಸ್ಟಮ್ ಆದ ಎಚ್‌ಎಫ್‌ಎಸ್ ಮಾತ್ರ ಇರುವ ಡಿಸ್ಕ್ ಮಾಡಿದರೆ, ಬೇರೆ ಸಾಫ್ಟ್‌ವೇರ್ ಹಾಕದೆ ವಿಂಡೋಸ್ ಅದನ್ನು ಓದದು.

ಕನ್ನಡದ ಹೆಸರುಗಳ ವಿಚಾರಕ್ಕೆ ಬರೋಣ, ನಮ್ಮವರಿಗೆ ತೊಂದರೆಯಾಗುವುದು ಇಲ್ಲೇ. ಜೋಲಿಯೆಟ್‌ನಲ್ಲಿ ಯೂನಿಕೋಡ್ ಕನ್ನಡ ಇಡಬಹುದು, ಆದರೆ ಹೆಸರಿನ ಮಿತಿ 64 ಅಕ್ಷರ. 'ಗಣಪತಿ ಸ್ತುತಿ' ಎಂದು ಬರೆದಾಗ ನಾವು ಎಣಿಸುವ ಅಕ್ಷರ ಬೇರೆ, ಕಂಪ್ಯೂಟರ್ ಎಣಿಸುವುದು ಬೇರೆ. ಒತ್ತು, ಗುಣಿತ ಎಲ್ಲವನ್ನೂ ಅದು ಪ್ರತ್ಯೇಕವಾಗಿ ಎಣಿಸುತ್ತದೆ. 'ಸ್ತ್ರೀ' ಎಂಬ ಒಂದೇ ಅಕ್ಷರ ಅದಕ್ಕೆ ಆರು. ಹಾಗಾಗಿ ಪ್ರಸಂಗ, ಊರು, ಭಾಗವತರ ಹೆಸರು, ತಾರೀಖು ಎಲ್ಲವನ್ನೂ ಫೈಲ್ ಹೆಸರಿಗೇ ತುರುಕಬೇಡಿ. ಫೈಲುಗಳಿಗೆ ಇಂಗ್ಲಿಷಿನ ಸಣ್ಣ ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಸಾಕು. ಪೂರ್ತಿ ವಿವರ ಕನ್ನಡದಲ್ಲಿ ಒಂದು ಪಿಡಿಎಫ್‌ನಲ್ಲಿರಲಿ.

ಆ ಪಿಡಿಎಫ್ ಯಾಕೆ ಅಂದರೆ, ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೇ ಫಾಂಟುಗಳಲ್ಲಿ ಟೈಪ್ ಮಾಡಿದ ವರ್ಡ್ ಫೈಲನ್ನು ಹಾಗೇ ಹಾಕಿದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು ಕಾಣುತ್ತವೆ. ಪದಗಳ ಸಾಹಿತ್ಯವೇ ಕಳೆದುಹೋದಂತೆ. ಫಾಂಟ್ ಒಳಗೇ ಸೇರಿದ ಪಿಡಿಎಫ್ ಮಾಡಿ, ಸಾಧ್ಯವಾದರೆ ಯೂನಿಕೋಡಿಗೆ ಬದಲಿಸಿದ ಪ್ರತಿಯನ್ನೂ ಜೊತೆಗಿಡಿ.

ಡಿವಿಡಿ ಮೇಲೆ 4.7 ಜಿಬಿ ಎಂದಿದ್ದರೂ ವಿಂಡೋಸ್ ತೋರಿಸುವುದು 4.37, ಡಿಸ್ಕ್ ಕೆಟ್ಟಿಲ್ಲ, ಲೆಕ್ಕದ ಕ್ರಮ ಬೇರೆ, ಅಷ್ಟೇ. ಒಂದೇ ಫೈಲ್ 4 ಜಿಬಿ ಮುಟ್ಟಲು ಬಿಡಬೇಡಿ, ಐಎಸ್‌ಒ 9660ಕ್ಕೆ ಅಲ್ಲಿ ಅಡ್ಡಿಯಿದೆ. ಗಣಪತಿ ಸ್ತುತಿ, ಬಾಲಗೋಪಾಲರ ಕುಣಿತ, ಹನುಮನಾಯಕನ ಪ್ರವೇಶ ಎಂದು ಆಟವನ್ನು ತುಂಡು ಮಾಡಿದರೆ ನೋಡುವವರಿಗೂ ಅನುಕೂಲ. ವಿಡಿಯೋ ಎಚ್.264ರ ಎಂಪಿ4 ಇರಲಿ. ಎಕ್ಸ್‌ಪಿಯಲ್ಲಿ ಅದು ಓಡದಿದ್ದರೆ ವಿಎಲ್‌ಸಿ ಎಂಬ ವಿಡಿಯೋ ಪ್ಲೇಯರ್ ಹಾಕಿಕೊಳ್ಳಲು ಹೇಳಿ.

ಡಿಸ್ಕ್ ಕೊಳ್ಳುವಾಗ ಅಳಿಸಿ ಮತ್ತೆ ಬರೆಯಬಹುದಾದ ಆರ್‌ಡಬ್ಲ್ಯೂ ಬೇಡ. ಅದು ಬೆಳಕನ್ನು ಕಡಿಮೆ ಹಿಂತಿರುಗಿಸುವುದರಿಂದ ಹಳೇ ಡ್ರೈವ್‌ಗಳು ತಡವರಿಸುತ್ತವೆ. ಬರೆದ ಮೇಲೆ ವೆರಿಫೈ ಮಾಡಿ, ಅಂದರೆ ಬರೆದದ್ದು ಸರಿಯಾಗಿದೆಯೇ ಎಂದು ಸಾಫ್ಟ್‌ವೇರಿನಿಂದಲೇ ಪರೀಕ್ಷಿಸಿ. ಅಷ್ಟಕ್ಕೇ ಬಿಡದೆ, ಬರ್ನ್ ಮಾಡದ ಇನ್ನೊಂದು ಕಂಪ್ಯೂಟರಿನಲ್ಲಿ ಹಾಕಿ, ಕೊನೆಯ ಫೈಲನ್ನು ತೆರೆದು ನೋಡಿ. ಅದು ಓಡುವವರೆಗೂ ಕ್ಯಾಮೆರಾದ ಕಾರ್ಡ್ ಅಳಿಸಬೇಡಿ.