ಹ್ಯಾಚರಿ ಮಹಶೀರ್, ಹೊಳೆ ಮಹಶೀರ್: ನಾನು ಹೋಲಿಸಿದ ರೀತಿ

ಹ್ಯಾಚರಿ (ಮೀನಿನ ಮರಿ ಮಾಡಿ ಸಾಕುವ ಕೇಂದ್ರ) ಮೀನನ್ನೂ ಹೊಳೆ ಮೀನನ್ನೂ ಹೋಲಿಸಬೇಕು ಅಂದರೆ ಜನ ಮೊದಲು ಉದ್ದ ಅಳೆಯುತ್ತಾರೆ. ನಾನು ಮೊದಲು ನೋಡುವುದು ಜಾತಿ. ಕಾವೇರಿಯ ಮೂಲ ಮಹಶೀರ್ ಕಿತ್ತಳೆ ರೆಕ್ಕೆಯ, ಗೂನು ಬೆನ್ನಿನ ಮೀನು. ಅದು ಅಳಿವಿನ ಅಂಚಿನಲ್ಲಿದೆ ಎಂದು 2018ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ತನ್ನ ಪಟ್ಟಿಗೆ ಸೇರಿಸಿತು. ಆದರೆ ವರ್ಷಗಟ್ಟಲೆ ಹ್ಯಾಚರಿಯಿಂದ ನದಿಗೆ ಬಿಟ್ಟದ್ದು ನೀಲಿ ರೆಕ್ಕೆಯ ಮಹಶೀರ್. ಇವೆರಡನ್ನೂ ಹೋಲಿಸಿದರೆ ಜಾತಿಯ ವ್ಯತ್ಯಾಸ ಗೊತ್ತಾಗುತ್ತದೆಯೇ ಹೊರತು ಬೆಳೆಸಿದ ರೀತಿಯದ್ದಲ್ಲ. ಅದಕ್ಕೇ ನೀಲಿ ರೆಕ್ಕೆಯದನ್ನು ನೀಲಿ ರೆಕ್ಕೆಯದರ ಜೊತೆಗೇ ಇಟ್ಟೆ. ಗೂನು ಬೆನ್ನಿನದು ನಮ್ಮ ಕೈಗೆ ಬರುವಷ್ಟರಲ್ಲಿ ವಿಧಾನ ಗಟ್ಟಿಯಾಗಿರಬೇಕು, ಅಲ್ವಾ?

ಮೀನನ್ನು ಕೊಯ್ಯುವ ಹಾಗಿಲ್ಲ. ಲವಂಗದ ಎಣ್ಣೆ ಬೆರೆಸಿದ ನೀರಿನಲ್ಲಿ ಅದನ್ನು ಮಂಪರು ಮಾಡಿ, ಒದ್ದೆ ಬಟ್ಟೆಯ ಮೇಲೆ ಮಲಗಿಸಿ, ಬೆನ್ನಿನ ರೆಕ್ಕೆಯ ಕೆಳಗಿಂದ ಕೆಲವೇ ಹುರುಪೆ ತೆಗೆಯುತ್ತೇನೆ. ಬೆಂಗಳೂರಿಗೆ ತಂದು, ತೊಳೆದು, ಎರಡು ಗಾಜಿನ ನಡುವೆ ಒತ್ತಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತೇನೆ. ಮೀನು ಬೆಳೆದಂತೆ ಹುರುಪೆಯ ಮೇಲೆ ಗೆರೆಗಳು ಮೂಡುತ್ತವೆ, ಅವುಗಳಿಂದ ವಯಸ್ಸು ಲೆಕ್ಕ ಹಾಕುತ್ತೇನೆ. ನಡುಭಾಗ ಖಾಲಿ ಇದ್ದರೆ ಆ ಹುರುಪೆ ಬಿದ್ದು ಮತ್ತೆ ಬೆಳೆದದ್ದು. ಅದರಲ್ಲಿ ಎಳವೆಯ ಲೆಕ್ಕವೇ ಇರುವುದಿಲ್ಲ, ಬಿಟ್ಟುಬಿಡಬೇಕು. ಹೊಳೆ ಮೀನಿನಲ್ಲಿ ಬೆಳವಣಿಗೆ ಕುಂಠಿತವಾದ ತಿಂಗಳ ಗೆರೆಗಳು ಒತ್ತೊತ್ತಾಗಿ ಕಾಣುತ್ತವೆ. ಹ್ಯಾಚರಿ ಮೀನಿಗೆ ವರ್ಷವಿಡೀ ಒಂದೇ ಸಮ ಆಹಾರ. ಗೆರೆಗಳೂ ಒಂದೇ ಸಮ, ವರ್ಷದ ಗುರುತು ಮಸುಕು. ಅದರ ವಯಸ್ಸಿಗೆ ನಾನು ನಂಬುವುದು ಗುರುತಿಗೆಂದು ಮೈಯೊಳಗೆ ಹಾಕಿದ ಚಿಪ್ ಮತ್ತು ಹ್ಯಾಚರಿಯ ರಿಜಿಸ್ಟರ್.

ಉದ್ದಕ್ಕೆ ತಕ್ಕ ತೂಕ ಇದೆಯೇ ಎಂದು ನೋಡಲು ಒಂದು ಸೂತ್ರವಿದೆ: ಗ್ರಾಂ ತೂಕವನ್ನು 100ರಿಂದ ಗುಣಿಸಿ, ಸೆಂಟಿಮೀಟರ್ ಉದ್ದದ ಘನದಿಂದ ಭಾಗಿಸಬೇಕು. ಹ್ಯಾಚರಿ ಮೀನಿನ ಅಂಕಿ ಜಾಸ್ತಿ ಬಂತು. ಅದನ್ನು ಸುಮ್ನೆ ಆರೋಗ್ಯ ಅಂದುಕೊಳ್ಳಬಾರದು, ಹೊಟ್ಟೆಯ ಕೊಬ್ಬೂ ಇರಬಹುದು.

ಪ್ರೌಢತೆಯ ವಿಷಯ ಇನ್ನೂ ಸೂಕ್ಷ್ಮ. ಗಂಡಿನ ಹೊಟ್ಟೆಯನ್ನು ಮೆಲ್ಲಗೆ ಒತ್ತಿದರೆ ಬಿಳಿ ವೀರ್ಯ ಬರುತ್ತದೋ ಇಲ್ಲವೋ ನೋಡುತ್ತೇನೆ. ಹೆಣ್ಣಿನಿಂದ ಸಣ್ಣ ನಳಿಕೆಯಲ್ಲಿ ಕೆಲವು ಮೊಟ್ಟೆ ತೆಗೆದು ಅಳೆಯುತ್ತೇನೆ. ಒಂದೇ ವಯಸ್ಸಿನವನ್ನು ಹೋಲಿಸಿದಾಗ ಹ್ಯಾಚರಿ ಗಂಡು ಬೇಗ ಬಲಿತಿತ್ತು. ಒಂದೇ ಉದ್ದದವನ್ನು ಹೋಲಿಸಿದಾಗ ಹೊಳೆಯದೇ ಮುಂದೆ! ಹೊಳೆಯಲ್ಲಿ ಅಷ್ಟು ಉದ್ದ ಬೆಳೆಯಲು ಜಾಸ್ತಿ ವರ್ಷ ಬೇಕಲ್ಲ. ಎರಡು ಲೆಕ್ಕವೂ ಸರಿ, ಆದರೆ ಯಾವುದು ಅಂತ ಬರೆಯದಿದ್ದರೆ ಓದುವವರು ದಾರಿ ತಪ್ಪುತ್ತಾರೆ.

ಹೆಣ್ಣಿನ ಮೊಟ್ಟೆ ಬೆಳೆದಿದೆ ಅಂದ ಮಾತ್ರಕ್ಕೆ ಅದು ಇಡುತ್ತದೆ ಎಂದಲ್ಲ. ಕಟ್ಲಾ, ರೋಹುಗಳೂ ಹೊಂಡದಲ್ಲಿ ಹಾರ್ಮೋನ್ ಚುಚ್ಚದೆ ಸಾಮಾನ್ಯವಾಗಿ ಮೊಟ್ಟೆ ಇಡುವುದಿಲ್ಲ. ಹಾಗಾಗಿ ನನ್ನ ಪಟ್ಟಿಯಲ್ಲಿ 'ಬಲಿತಿದೆ', 'ಮೊಟ್ಟೆ ಇಟ್ಟಿದೆ' ಎಂದು ಎರಡು ಬೇರೆ ಕಾಲಂ ಇವೆ.