ಆರು ವೈರಿನ ಲೆಕ್ಕ: ಡಿವಿಡಿಗೆ ಮನೆಯಲ್ಲೇ 5.1 ಕಟ್ಟಿಕೊಂಡ ಬಗೆ

'ಹೋಂ ಥಿಯೇಟರ್' ಅಂತ ದಪ್ಪ ಅಕ್ಷರದಲ್ಲಿ ಬರೆದ ಸೆಟ್ ಅಂಗಡಿಯಲ್ಲಿ ಕಂಡರೆ ಮೊದಲು ಅದನ್ನು ತಿರುಗಿಸಿ ಬೆನ್ನು ನೋಡಿ. ಕೆಂಪು, ಬಿಳಿ ಎರಡೇ ಸಾಕೆಟ್ ಇದ್ದರೆ ಅದು 5.1 (ಐದು ಸ್ಪೀಕರ್, ಬೇಸಿಗೊಂದು ಸಬ್‌ವೂಫರ್, ಆರಕ್ಕೂ ಬೇರೆ ಬೇರೆ ಧ್ವನಿ) ಅಲ್ಲ, ಐದು ಪುಟ್ಟ ಬಾಕ್ಸು ಹಂಚಿಕೊಂಡಿರುವ ಸ್ಟೀರಿಯೋ. ಮುಂದೆ ಕೇಳಿಸಿದ್ದೇ ಹಿಂದೆಯೂ ಕೇಳಿಸುತ್ತದೆ. ನಿಜವಾದದ್ದಕ್ಕೆ ಆರು ಸಾಕೆಟ್ ಇರಬೇಕು: ಮುಂದಿನ ಎಡ, ಮುಂದಿನ ಬಲ, ಸೆಂಟರ್, ಸರೌಂಡ್ ಎಡ, ಸರೌಂಡ್ ಬಲ, ಸಬ್‌ವೂಫರ್. ಇಲ್ಲವೇ ಆಪ್ಟಿಕಲ್ ಅಥವಾ ಕೋಆಕ್ಸಿಯಲ್ ಡಿಜಿಟಲ್ ಇನ್‌ಪುಟ್ ಇದ್ದು, ಆ ಡಿಜಿಟಲ್ ಧ್ವನಿಯನ್ನು ಆರು ಚಾನಲ್ಲಾಗಿ ಬಿಡಿಸುವ ಡಿಕೋಡರ್ ಒಳಗೇ ಇರಬೇಕು.

ಡಬ್ಬದ ಮೇಲಿನ ಪಿಎಂಪಿಓ (ಜಾಹೀರಾತಿಗೆ ಉಬ್ಬಿಸಿ ಹೇಳುವ ವಾಟ್) ಅಂಕಿಗೆ ನಾನು ಬೆಲೆ ಕೊಡುವುದಿಲ್ಲ. ಒಳಗಿನ ಟ್ರಾನ್ಸ್‌ಫಾರ್ಮರ್ ನೋಡಿದರೆ ಸತ್ಯ ಗೊತ್ತಾಗುತ್ತದೆ. 12-0-12 ವೋಲ್ಟ್, 5 ಆಂಪಿಯರ್ ಅಂದರೆ 24 × 5, ಒಟ್ಟು 120 ವಿಎ. ಅಷ್ಟು ತಿನ್ನುವ ಡಬ್ಬ ಸಾವಿರಾರು ವಾಟ್ ಉಗುಳುವುದು ಹೇಗೆ? ಹತ್ತು ಅಡಿಗೆ ಹದಿನಾಲ್ಕು ಅಡಿಯ ಹಾಲಿಗೆ ಸ್ಪೀಕರ್ ಒಂದಕ್ಕೆ 10 ವಾಟ್ ಪ್ರಾಮಾಣಿಕವಾಗಿ ಸಿಕ್ಕರೆ ಧಾರಾಳ.

ಮೊದಲು ಪ್ಲೇಯರ್. ಹಳೆಯ ಡಿವಿಡಿ ಪ್ಲೇಯರ್‌ಗಳಲ್ಲಿ, ಅದರಲ್ಲೂ ಅಗ್ಗದವುಗಳಲ್ಲಿ, ಹಿಂದೆ ಆರು ಅನಲಾಗ್ ಸಾಕೆಟ್ ಇರುವುದು ಅಪರೂಪವಲ್ಲ. ಅಂಥದ್ದು ಮನೆಯ ಅಟ್ಟದಲ್ಲಿ ಬಿದ್ದಿದ್ದರೆ ಗುಜರಿಗೆ ಹಾಕಬೇಡಿ. ಡಿಕೋಡರ್ ಪುಕ್ಕಟೆ ಸಿಕ್ಕಂತೆ. ಡಿಜಿಟಲ್ ಔಟ್ ಮಾತ್ರ ಇರುವ ಪ್ಲೇಯರ್ ಆದರೆ ಅಂಗೈಯಗಲದ ಎಸಿ3/ಡಿಟಿಎಸ್ (ಡಿಸ್ಕಿನಲ್ಲಿ 5.1 ಧ್ವನಿ ತುಂಬುವ ಎರಡು ಬಗೆ) ಡಿಕೋಡರ್ ಡಬ್ಬಿ ಬೇಕು. ಒಳಗೆ ಒಂದು ಡಿಜಿಟಲ್ ವೈರು, ಹೊರಗೆ ಆರು ಅನಲಾಗ್.

ಸದ್ದು ಬರದಿದ್ದರೆ ಆಂಪ್ಲಿಫೈಯರ್ ಬಿಚ್ಚುವ ಮುಂಚೆ ಪ್ಲೇಯರ್‌ನ ಸೆಟಪ್ ಮೆನು ನೋಡಿ. ಅನಲಾಗ್ ಆರು ವೈರು ಬಳಸುವಾಗ 'ಡೌನ್‌ಮಿಕ್ಸ್' ಎಂಬಲ್ಲಿ ಸ್ಟೀರಿಯೋ ಅಥವಾ ಎಲ್‌ಟಿ/ಆರ್‌ಟಿ ಇದ್ದರೆ ಆರೂ ಚಾನಲ್ ಎರಡಕ್ಕೆ ಕಲಸಿಹೋಗುತ್ತವೆ. ಅದನ್ನು ಆಫ್ ಮಾಡಿ ಅಥವಾ 5.1 ಆರಿಸಿ. ಡಿಜಿಟಲ್ ವೈರು ಬಳಸುವಾಗ ಎಸ್‌ಪಿಡಿಐಎಫ್ (ಡಿಜಿಟಲ್ ಔಟ್) ಆಯ್ಕೆಯಲ್ಲಿ 'ರಾ' ಅಥವಾ 'ಬಿಟ್‌ಸ್ಟ್ರೀಮ್' ಇರಬೇಕು. 'ಪಿಸಿಎಂ' ಇಟ್ಟರೆ ಎರಡೇ ಚಾನಲ್ ಹೊರಬರುತ್ತದೆ. ಹಿಂದಿನ ಸ್ಪೀಕರ್ ಸತ್ತಿದೆ ಎಂಬ ದೂರಿಗೆ ಹೆಚ್ಚಾಗಿ ಕಾರಣ ಈ ಎರಡರಲ್ಲಿ ಒಂದು.

ಇನ್ನು ಆಂಪ್ಲಿಫೈಯರ್. ನಾನು ಕಟ್ಟಿದ್ದು ಏಳು ಟಿಡಿಎ2030ಎ ಐಸಿಗಳ ಮೇಲೆ: ಐದು ಬಾಕ್ಸಿಗೆ ಐದು, ಸಬ್‌ವೂಫರ್‌ಗೆ ಬ್ರಿಡ್ಜ್ ಮಾಡಿದ, ಅಂದರೆ ಒಂದೇ ಸ್ಪೀಕರಿನ ಎರಡು ತುದಿಗೆ ಒಂದೊಂದರಂತೆ ಕಟ್ಟಿದ ಎರಡು. ಸಾಮಾನು ತುಮಕೂರಿನ ರಿಪೇರಿ ಅಂಗಡಿಗಳಲ್ಲಿ ಕೇಳಿ ನೋಡಿ. ಸಿಗದ್ದಕ್ಕೆ 70 ಕಿಲೋಮೀಟರ್ ದೂರದ ಬೆಂಗಳೂರಿನ ಎಸ್.ಪಿ. ರಸ್ತೆ ಇದ್ದೇ ಇದೆ. ಚೀಟಿಯಲ್ಲಿ ಕೊನೆಯ 'ಎ' ಅಕ್ಷರ ಮರೆಯಬೇಡಿ. ಬರೀ ಟಿಡಿಎ2030 ತಡೆಯುವುದು ಹೆಚ್ಚೆಂದರೆ ±18 ವೋಲ್ಟ್, 'ಎ' ಇರುವುದು ±22. 12-0-12 ಟ್ರಾನ್ಸ್‌ಫಾರ್ಮರ್ ರೆಕ್ಟಿಫೈ ಆದ ಮೇಲೆ ಲೆಕ್ಕಕ್ಕೆ ±16 ಕೊಡುತ್ತದೆ. ಆದರೆ ಲೋಡ್ ಇಲ್ಲದಾಗ ಟ್ರಾನ್ಸ್‌ಫಾರ್ಮರ್ ಹತ್ತು ಶೇಕಡಾ ಹೆಚ್ಚೇ ಕೊಡುತ್ತದೆ, ನಡುರಾತ್ರಿ ಲೈನು 250 ವೋಲ್ಟಿಗೆ ಏರಿದ್ದರೆ ಅದೇ ±19 ದಾಟುತ್ತದೆ. 'ಎ' ಇಲ್ಲದ ಐಸಿ ಆವತ್ತೇ ಹೋಗಬಹುದು, ಹೋಗುವಾಗ ಸ್ಪೀಕರಿನ ಕಾಯಿಲನ್ನೂ ಕರೆದುಕೊಂಡು ಹೋಗಬಹುದು.

ಪವರ್ ಸಪ್ಲೈಗೆ: 12-0-12, 5 ಆಂಪಿಯರ್ ಟ್ರಾನ್ಸ್‌ಫಾರ್ಮರ್, 10 ಆಂಪಿಯರ್ ಬ್ರಿಡ್ಜ್ ರೆಕ್ಟಿಫೈಯರ್, ಪ್ಲಸ್‌ಗೆ ಎರಡು ಮೈನಸ್‌ಗೆ ಎರಡರಂತೆ 4700 ಮೈಕ್ರೋಫ್ಯಾರಡ್, 35 ವೋಲ್ಟಿನ ಕೆಪಾಸಿಟರ್ ನಾಲ್ಕು, ಪ್ರೈಮರಿಯಲ್ಲಿ 1 ಆಂಪಿಯರ್ ಸ್ಲೋ-ಬ್ಲೋ ಫ್ಯೂಸ್. ಖರ್ಚಿನಲ್ಲಿ ಕೈ ಬಿಗಿ ಹಿಡಿಯುವುದಾದರೆ ಬೇರೆಲ್ಲಾದರೂ ಹಿಡಿಯಿರಿ, ಟ್ರಾನ್ಸ್‌ಫಾರ್ಮರ್‌ನಲ್ಲಿ ಬೇಡ. ತಗಡಿನ ಕ್ಯಾಬಿನೆಟ್ಟನ್ನು ಮೂರು ಪಿನ್ನಿನ ಅರ್ತ್‌ಗೆ ಕಟ್ಟಲೇಬೇಕು.

ಈ ಐಸಿಯ ಬೆನ್ನಿನ ಲೋಹ ಒಳಗೇ ಮೂರನೇ ಪಿನ್ನಿಗೆ, ಅಂದರೆ ಮೈನಸ್ ಸಪ್ಲೈಗೆ ಸೇರಿರುತ್ತದೆ. ಹಾಗಾಗಿ ಹೀಟ್‌ಸಿಂಕ್‌ಗೂ ಐಸಿಗೂ ನಡುವೆ ಮೈಕಾ ಹಾಳೆ, ಸ್ಕ್ರೂಗೆ ಪ್ಲಾಸ್ಟಿಕ್ ಬುಷ್ ಬೇಕು. ಹಾಕದಿದ್ದರೆ ಹೀಟ್‌ಸಿಂಕ್ ಕ್ಯಾಬಿನೆಟ್ಟಿಗೆ ತಗುಲಿದ ಕೂಡಲೇ ಮೈನಸ್ ಸಪ್ಲೈ ಶಾರ್ಟ್. ಜೋಡಿಸಿದ ಮೇಲೆ ಮಲ್ಟಿಮೀಟರ್ ಬೀಪ್ ಮೋಡಿನಲ್ಲಿಟ್ಟು ಏಳೂ ಐಸಿಯ ಬೆನ್ನನ್ನು ಕ್ಯಾಬಿನೆಟ್ಟಿನ ಜೊತೆ ಮುಟ್ಟಿಸಿ ನೋಡಿ, ಒಂದೂ ಕೂಗಬಾರದು.

ಐಸಿಯ ಔಟ್‌ಪುಟ್‌ನಿಂದ ಗ್ರೌಂಡಿಗೆ 1 ಓಮ್ ರೆಸಿಸ್ಟರ್ ಮತ್ತು 0.22 ಮೈಕ್ರೋಫ್ಯಾರಡ್ ಸರಣಿಯಲ್ಲಿರಬೇಕು, ಸಪ್ಲೈ ಪಿನ್ನುಗಳ ಬುಡದಲ್ಲೇ 0.1 ಮೈಕ್ರೋಫ್ಯಾರಡ್ ಇರಬೇಕು. ಅಗ್ಗದ ಬೋರ್ಡುಗಳಲ್ಲಿ ಇವನ್ನು ಬಿಟ್ಟಿರುತ್ತಾರೆ. ಆಗ ಹಾಡಿಲ್ಲ, ಮಾತಿಲ್ಲ, ಆದರೂ ಐಸಿ ಕೈ ಸುಡುವಷ್ಟು ಕಾಯುತ್ತದೆ. ಕಿವಿಗೆ ಕೇಳದ ಆವರ್ತನದಲ್ಲಿ ತಾನೇ ಕೂಗಿಕೊಳ್ಳುತ್ತಿರುತ್ತದೆ.

ಮೊದಲ ಸಲ ಕರೆಂಟ್ ಕೊಡುವಾಗ 60 ವಾಟಿನ ಹಳೆಯ ಬುರುಡೆ ಬಲ್ಬನ್ನು ಫೇಸ್ ವೈರಿನಲ್ಲಿ ಸರಣಿಯಾಗಿ ಹಾಕಿ. ಬಲ್ಬು ಒಮ್ಮೆ ಮಿನುಗಿ ಮಂಕಾದರೆ ಸರಿ. ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ. ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬರುವುದಿಲ್ಲ. ಆಮೇಲೆ ಸ್ಪೀಕರ್ ಜೋಡಿಸದೆ ಒಂದೊಂದು ಔಟ್‌ಪುಟ್‌ನಲ್ಲೂ ಡಿಸಿ ವೋಲ್ಟೇಜ್ ಅಳೆಯಿರಿ. 50 ಮಿಲಿವೋಲ್ಟ್ ಒಳಗಿದ್ದರೆ ಸ್ಪೀಕರ್ ಹಾಕಬಹುದು. ಹತ್ತು-ಹದಿನೈದು ವೋಲ್ಟ್ ತೋರಿಸಿದರೆ ಆ ಐಸಿ ನಕಲಿ ಅಥವಾ ಸತ್ತದ್ದು.

ವಾಲ್ಯೂಮಿನ ವಿಷಯ ಸ್ವಲ್ಪ ಕಿರಿಕಿರಿ. ಆರು ಚಾನಲನ್ನು ಒಟ್ಟಿಗೆ ತಿರುಗಿಸುವ ಪಾಟ್ (ವಾಲ್ಯೂಮ್ ಕಂಟ್ರೋಲ್) ಸುಲಭವಾಗಿ ಸಿಗುವುದಿಲ್ಲ. ಪಿಟಿ2258 ಐಸಿಯ ರಿಮೋಟ್ ಬೋರ್ಡ್ ಹಾಕಬಹುದು. ಅಥವಾ ನಾನು ಮಾಡಿದ ಹಾಗೆ ಪ್ರತಿ ಚಾನಲ್‌ಗೆ 50 ಕಿಲೋಓಮ್‌ನ ಒಂದೊಂದು ಪಾಟ್ ಹಾಕಿ, ಮಟ್ಟ ಹೊಂದಿಸಿ ಬಿಟ್ಟು, ದಿನನಿತ್ಯಕ್ಕೆ ಪ್ಲೇಯರ್ ರಿಮೋಟಿನ ವಾಲ್ಯೂಮನ್ನೇ ಬಳಸಬಹುದು.

ಬಾಕ್ಸುಗಳಿಗೆ 4 ಇಂಚಿನ, 8 ಓಮ್‌ನ ಫುಲ್‌ರೇಂಜ್ ಸ್ಪೀಕರ್ ಐದು, ಐದೂ ಒಂದೇ ತಯಾರಿಕೆಯದ್ದು. ಸೆಂಟರ್ ಬೇರೆ, ಪಕ್ಕದ್ದು ಬೇರೆ ಆದರೆ ಕಾರು ಎಡದಿಂದ ಬಲಕ್ಕೆ ಹೋಗುವಾಗ ನಡುವೆ ಇಂಜಿನ್ನೇ ಬದಲಾದ ಹಾಗೆ ಕೇಳುತ್ತದೆ. ಇಷ್ಟು ಚಿಕ್ಕ ಕೋನಿಗೆ ಬೇಸ್ ಹೋಗಬಾರದು. ಪ್ಲೇಯರ್ ಮೆನುವಿನಲ್ಲಿ ಸ್ಪೀಕರ್ 'ಸ್ಮಾಲ್', ಸಬ್‌ವೂಫರ್ 'ಆನ್' ಇಟ್ಟರೆ ಕೆಳದನಿಯೆಲ್ಲ ಸಬ್‌ಗೆ ತಿರುಗುತ್ತದೆ. ಆ ಆಯ್ಕೆಯೇ ಇಲ್ಲದ ಪ್ಲೇಯರ್ ಆದರೆ, 470 ಮೈಕ್ರೋಫ್ಯಾರಡ್, 50 ವೋಲ್ಟಿನ ಎರಡು ಕೆಪಾಸಿಟರ್‌ಗಳ ಮೈನಸ್ ಕಾಲುಗಳನ್ನು ಒಂದಕ್ಕೊಂದು ಬೆಸೆದು ಸ್ಪೀಕರ್ ವೈರಿನಲ್ಲಿ ಸರಣಿಯಾಗಿ ಹಾಕಿ. 235 ಮೈಕ್ರೋಫ್ಯಾರಡ್‌ನ ನಾನ್-ಪೋಲಾರ್ ಆಯಿತು. 8 ಓಮ್ ಜೊತೆ ಸುಮಾರು 85 ಹರ್ಟ್ಸ್ ಕೆಳಗಿನದನ್ನು ತಗ್ಗಿಸುತ್ತದೆ. ಆದರೆ ಹೀಗೆ ತಗ್ಗಿಸಿದ್ದು ಸಬ್‌ಗೆ ಹೋಗುವುದಿಲ್ಲ, ಕಳೆದೇ ಹೋಗುತ್ತದೆ. ಮೆನು ಇದ್ದರೆ ಅದೇ ಮೇಲು.

ಸಬ್‌ವೂಫರ್‌ಗೆ 8 ಇಂಚು, 8 ಓಮ್. 4 ಓಮ್ ಬೇಡ, ಬ್ರಿಡ್ಜ್ ಮಾಡಿದ ಐಸಿಗಳಿಗೆ ಅದು ಭಾರ. ಬ್ರಿಡ್ಜ್ ಔಟ್‌ಪುಟ್‌ನ ಎರಡೂ ತಂತಿಯಲ್ಲಿ ಒಂದನ್ನೂ ಗ್ರೌಂಡಿಗೆ ತಾಗಿಸುವಂತಿಲ್ಲ. ಡಬ್ಬಕ್ಕೆ 18 ಮಿಲಿಮೀಟರ್ ಎಂಡಿಎಫ್, ಒಳ ಅಳತೆ 30 ಅಗಲ, 32 ಎತ್ತರ, 30 ಆಳ, ಎಲ್ಲವೂ ಸೆಂಟಿಮೀಟರ್. ತುಂಡುಗಳು: ಮುಂದೆ-ಹಿಂದೆ 33.6 × 35.6 ಎರಡು, ಮೇಲೆ-ಕೆಳಗೆ 33.6 × 30 ಎರಡು, ಪಕ್ಕಕ್ಕೆ 32 × 30 ಎರಡು. 39 × 27 ಇಂಚಿನ ಒಂದೇ ಹಲಗೆಯಲ್ಲಿ ಆರೂ ಬರುತ್ತವೆ, ಗರಗಸದ ಸವಕಳಿ ಸೇರಿ. ಸಂದಿಗಳಿಗೆಲ್ಲ ಫೆವಿಕಾಲ್ ತುಂಬಿ ಒಂದು ದಿನ ಒಣಗಲು ಬಿಡಿ. ಗಾಳಿ ಸೋರುವ ಡಬ್ಬ ಪುಸ್ ಪುಸ್ ಅನ್ನುತ್ತದೆ.

ಗಾಳಿ ಕೊಳವೆಗೆ ನಲ್ಲಿ ಕೆಲಸದವರು ಬಳಸುವ 75 ಮಿಲಿಮೀಟರ್ ಪಿವಿಸಿ ಪೈಪೇ ಸಾಕು. ಈ ಡಬ್ಬಕ್ಕೆ 40 ಹರ್ಟ್ಸ್ ಸಿಗಲು ಪೈಪಿನ ಉದ್ದ ಸುಮಾರು 20 ಸೆಂಟಿಮೀಟರ್ ಎಂದು ಲೆಕ್ಕ ಬರುತ್ತದೆ. ನೀವು 23 ಇಟ್ಟು ಶುರುಮಾಡಿ. ಫೋನಿನ ಟೋನ್ ಜನರೇಟರ್ ಆ್ಯಪ್‌ನಿಂದ 40 ಹರ್ಟ್ಸ್ ನುಡಿಸಿ, ಅದರ ಆಚೀಚೆಗೂ ಸ್ವಲ್ಪ ಸ್ವಲ್ಪ ಸರಿಸುತ್ತ, ಕೋನಿನ ಮೇಲೆ ಬೆರಳ ತುದಿ ಇಡಿ. ಡಬ್ಬ ಯಾವ ಆವರ್ತನಕ್ಕೆ ಶ್ರುತಿಯಾಗಿದೆಯೋ ಅಲ್ಲಿ ಕೋನಿನ ಅಲುಗಾಟ ಕನಿಷ್ಠ, ಪೈಪಿನ ಬಾಯಲ್ಲಿ ಗಾಳಿ ಗರಿಷ್ಠ. ಆ ಬಿಂದು 40ಕ್ಕಿಂತ ಕೆಳಗಿದ್ದರೆ ಪೈಪನ್ನು ಅರ್ಧರ್ಧ ಸೆಂಟಿಮೀಟರ್ ಕತ್ತರಿಸುತ್ತ ಬನ್ನಿ. ಕತ್ತರಿಸಿದ್ದನ್ನು ಅಂಟಿಸಲಾಗದು, ಆದ್ದರಿಂದಲೇ 23. ಡೇಟಾಶೀಟ್ ಇಲ್ಲದ ಮಾರುಕಟ್ಟೆ ವೂಫರ್ ಕೊಳವೆ ಹಾಕಿದರೆ ಕೆಲವೊಮ್ಮೆ ಬರೀ ಗುಮ್ಮೆನ್ನುತ್ತದೆ. ಹಾಗಾದರೆ ಪೈಪಿನ ಬಾಯಿಗೆ ಬಟ್ಟೆ ತುರುಕಿ ಕೇಳಿ, ಹಿತವೆನಿಸಿದರೆ ಮುಚ್ಚೇಬಿಡಿ.

ತುಮಕೂರಿನ ಎಸ್.ಎಸ್. ಪುರಂ, ಜಯನಗರದ ಕಡೆಯ 30 × 40 ಸೈಟಿನ ಮನೆಯೊಂದರ ಹಾಲನ್ನು ಕಣ್ಣಮುಂದೆ ತಂದುಕೊಳ್ಳಿ. ಆರ್‌ಸಿಸಿ ಮಾಳಿಗೆ, ಟೈಲ್ಸ್ ನೆಲ, ಒಂದು ಪಕ್ಕ ಕಿಟಕಿ, ಇನ್ನೊಂದು ಪಕ್ಕ ಅಡುಗೆಮನೆ ಬಾಗಿಲು, ಎದುರಿಗೆ ಸಿಮೆಂಟ್ ಹಲಗೆಗಳ ಶೋಕೇಸು. ಚಪ್ಪಾಳೆ ತಟ್ಟಿದರೆ 'ಟ್ರ್ರ್' ಎಂದು ಮರುದನಿ ಬರುವ ಈ ಕೋಣೆಯಲ್ಲಿ ಎಷ್ಟು ದುಡ್ಡು ಸುರಿದರೂ ಮಾತು ಸ್ಪಷ್ಟವಾಗುವುದಿಲ್ಲ. ನೆಲಕ್ಕೆ ದಪ್ಪ ಜಮಖಾನ, ಕಿಟಕಿಗೆ ನೆರಿಗೆ ಹೆಚ್ಚಿರುವ ಪರದೆ, ಹಿಂಗೋಡೆಗೆ ಬಟ್ಟೆಯ ಹೊದಿಕೆ. ಇಷ್ಟರಿಂದ ಆಗುವ ಬದಲಾವಣೆ ದುಬಾರಿ ಸ್ಪೀಕರಿನಿಂದ ಆಗದು.

ಸೆಂಟರನ್ನು ಶೋಕೇಸಿನ ಗೂಡಿನೊಳಗೆ ತಳ್ಳಬೇಡಿ, ಮಡಕೆಯೊಳಗೆ ಮಾತಾಡಿದ ಹಾಗಾಗುತ್ತದೆ. ಹಲಗೆಯ ಅಂಚಿಗೆ ತಂದು, ಕೂತವರ ಮುಖದ ಕಡೆಗೆ ವಾಲಿಸಿ. ಹಳೆಯ ಪಿಕ್ಚರ್ ಟ್ಯೂಬ್ ಟಿವಿಯಾದರೆ ಮ್ಯಾಗ್ನೆಟ್‌ನಿಂದ ಪರದೆಯ ಮೇಲೆ ಬಣ್ಣದ ಕಲೆ ಮೂಡುತ್ತದೆ, ಸ್ವಲ್ಪ ದೂರವಿಡಿ. ಮುಂದಿನ ಎರಡು ಬಾಕ್ಸಿನ ನಡುವೆ 7 ಅಡಿ, ಎರಡರಿಂದಲೂ ಸೋಫಾಗೆ ಸಮ ದೂರ. ಸರೌಂಡ್ ಎರಡೂ ಸೋಫಾದ ಪಕ್ಕಕ್ಕೆ, ತುಸು ಹಿಂದೆ. ನೆಟ್ಟಗೆ ಮುಂದೆ ನೋಡುವ ದಿಕ್ಕಿನಿಂದ 100ರಿಂದ 120 ಡಿಗ್ರಿ. ಕೂತಾಗ ಕಿವಿ ಮೂರಡಿ ಎತ್ತರದಲ್ಲಿರುತ್ತದೆ, ಸರೌಂಡ್ ಐದೂವರೆ ಅಡಿಯಲ್ಲಿರಲಿ. ಬಾಗಿಲಿರುವ ಪಕ್ಕ ಚೌಕಟ್ಟಿನ ಮೇಲೆ ಬ್ರಾಕೆಟ್ ಹೊಡೆದು ಕೆಳಗೆ ಬಾಗಿಸಿದರಾಯಿತು, ಎತ್ತರ ಎರಡೂ ಕಡೆ ಒಂದೇ ಆಗಲೇಬೇಕೆಂದಿಲ್ಲ.

ವೈರು 1 ಸ್ಕ್ವೇರ್ ಎಂಎಂ ತಾಮ್ರ, ಪಿವಿಸಿ ಪಟ್ಟಿಯೊಳಗೆ. ಹಿಂದಿನದಕ್ಕೆ 10 ಮೀಟರ್ ಓಡಿದರೂ ಹೋಗಿ ಬರುವ ರೆಸಿಸ್ಟೆನ್ಸ್ ಸುಮಾರು 0.35 ಓಮ್ ಅಷ್ಟೇ. ಪ್ಲಸ್-ಮೈನಸ್ ಅದಲು ಬದಲಾಗಿದೆಯೇ ನೋಡಲು 1.5 ವೋಲ್ಟಿನ ಪೆನ್ಸಿಲ್ ಸೆಲ್ಲನ್ನು ಆಂಪ್ಲಿಫೈಯರ್ ಕಡೆಯ ತುದಿಗೆ ಕ್ಷಣ ಮುಟ್ಟಿಸಿ. ಪ್ಲಸ್ ಸರಿಯಿದ್ದರೆ ಕೋನು ಮುಂದಕ್ಕೆ ನೆಗೆಯುತ್ತದೆ. ಒಂದು ಉಲ್ಟಾ ಆದರೂ ದನಿ ನಡುವೆ ನಿಲ್ಲದೆ ತೇಲಾಡುತ್ತದೆ, ಬೇಸ್ ತೆಳುವಾಗುತ್ತದೆ.

ಸಬ್‌ವೂಫರ್ ಜಾಗ ಹುಡುಕಲು ಅದನ್ನೇ ಸೋಫಾದ ಮೇಲೆ ಕೂರಿಸಿ, ಬೇಸ್ ಇರುವ ದೃಶ್ಯ ಹಾಕಿ, ನೀವು ಗೋಡೆಗುಂಟ ಅಂಬೆಗಾಲಲ್ಲಿ ಸುತ್ತಿ. ಮನೆಯವರು ನಕ್ಕರೆ ನಗಲಿ. ಎಲ್ಲಿ ಬೇಸ್ ಸಮವಾಗಿ ಕೇಳುತ್ತದೋ ಸಬ್ ಅಲ್ಲಿಗೆ. 14 ಅಡಿ ಉದ್ದದ ಕೋಣೆ ಸುಮಾರು 40 ಹರ್ಟ್ಸಿಗೆ, 10 ಅಡಿಯದು 56ಕ್ಕೆ ತಾನೇ ಅನುರಣಿಸುತ್ತದೆ. ಮೂಲೆಯಲ್ಲಿಟ್ಟರೆ ಎರಡೂ ಒಟ್ಟಿಗೆ ಕೆರಳುತ್ತವೆ.

ಮಟ್ಟ ಹೊಂದಿಸಲು ಮೆನುವಿನ ಟೆಸ್ಟ್ ಟೋನ್ ಹಾಕಿ, ಫೋನಿನ ಸೌಂಡ್ ಮೀಟರನ್ನು ಸೋಫಾದಲ್ಲಿ ಕಿವಿಯ ಎತ್ತರಕ್ಕೆ ಹಿಡಿದು ಐದೂ ಒಂದೇ ಅಂಕಿಗೆ ತನ್ನಿ. ನಿಜವಾದ ಡೆಸಿಬಲ್ ಎಷ್ಟೆಂಬುದು ಮುಖ್ಯವಲ್ಲ, ಐದೂ ಸಮ ಇದ್ದರೆ ಸಾಕು. ಮಾತು ಇನ್ನೂ ಮುಳುಗಿದರೆ ಸೆಂಟರ್ ಮಾತ್ರ 2 ಡೆಸಿಬಲ್ ಏರಿಸಿ. ಸಬ್‌ವೂಫರ್ ಲೆಕ್ಕ ಬೇರೆ: '.1' ಚಾನಲನ್ನು ಉಳಿದವಕ್ಕಿಂತ 10 ಡೆಸಿಬಲ್ ಮೇಲೆ ನುಡಿಸಬೇಕೆಂದೇ ಧ್ವನಿಮುದ್ರಿಸಿರುತ್ತಾರೆ, ಆ ಏರಿಕೆ ಇಂಥ ಸಾದಾ ಬೋರ್ಡಿನಲ್ಲಿ ಇರುವುದಿಲ್ಲ. ಸ್ಫೋಟದ ದೃಶ್ಯ ಹಾಕಿ ಕಿವಿಯಲ್ಲೇ ಹೊಂದಿಸಿ. ಹತ್ತಿರದ ಸ್ಪೀಕರಿನ ಧ್ವನಿಯನ್ನು ತುಸು ತಡೆದು ಉಳಿದವಕ್ಕೆ ಹೊಂದಿಸುವ ಡಿಲೇಗೆ, ಅಡಿಗೆ ಒಂದು ಮಿಲಿಸೆಕೆಂಡ್ ಎಂಬ ಒರಟು ಲೆಕ್ಕ ಸಾಕು. ಮುಂದಿನದು 9 ಅಡಿ, ಹಿಂದಿನದು 4 ಅಡಿ ಇದ್ದರೆ ಸರೌಂಡ್ ಡಿಲೇ 5.

ಗುಂಯ್ ಎಂಬ ಹಮ್ ಬಂದರೆ ಮೊದಲು ಟಿವಿಗೆ ಬರುವ ಕೇಬಲ್ ವೈರು ಕಳಚಿ. ನಿಂತಿತೇ? ಕೇಬಲಿನ ಹೊರಕವಚದ ಅರ್ತಿಗೂ ಮನೆಯ ಅರ್ತಿಗೂ ನಡುವೆ ಲೂಪ್ ಆಗಿದೆ. ಕೇಬಲ್ ಐಸೋಲೇಟರ್ ಹಾಕಿ, ಮೂರನೇ ಪಿನ್ ಮಾತ್ರ ಕತ್ತರಿಸಬೇಡಿ. ನಿಲ್ಲದಿದ್ದರೆ ತಪ್ಪು ಒಳಗಿದೆ: ಗ್ರೌಂಡ್ ವೈರುಗಳೆಲ್ಲ ಫಿಲ್ಟರ್ ಕೆಪಾಸಿಟರ್‌ಗಳ ನಡುಬಿಂದುವಿಗೇ ಬೇರೆ ಬೇರೆಯಾಗಿ ಬರಬೇಕು, ಒಂದರಿಂದ ಒಂದಕ್ಕೆ ಪೋಣಿಸಬಾರದು. ಕರೆಂಟ್ ಹೋದಾಗ ಮಾತ್ರ ಗುಂಯ್ಗುಟ್ಟಿದರೆ ಅದು ಸ್ಕ್ವೇರ್ ವೇವ್ ಇನ್ವರ್ಟರಿನ ಕೆಲಸ, ನಿಮ್ಮ ಬೆಸುಗೆಯ ತಪ್ಪಲ್ಲ. ಊರಾಚೆ ಪಂಪ್‌ಸೆಟ್ ಓಡುವ ಹೊತ್ತಿಗೆ ಲೈನು 190ಕ್ಕೆ ಇಳಿದರೆ ಸಪ್ಲೈ ±13ಕ್ಕೆ ಬಂದು ಪವರ್ ಮೂರನೇ ಒಂದು ಪಾಲು ಕಡಿಮೆಯಾಗುತ್ತದೆ. ಆಗ ವಾಲ್ಯೂಮ್ ಏರಿಸಿದರೆ ಸಿಗುವುದು ಒಡಕು ದನಿ ಮಾತ್ರ.

ಡಿಸ್ಕಿನ ಮೇಲೂ ಒಂದು ಕಣ್ಣಿರಲಿ. ಮೂರು ಸಿನಿಮಾ ಒಂದರಲ್ಲೇ ತುಂಬಿದ ಡಿಸ್ಕುಗಳಲ್ಲಿ ಹೆಚ್ಚಾಗಿ ಇರುವುದು ಎರಡೇ ಚಾನಲ್. ವಿಸಿಡಿಯಲ್ಲಂತೂ ಅದಕ್ಕಿಂತ ಹೆಚ್ಚು ಸಾಧ್ಯವೇ ಇಲ್ಲ. ರಿಮೋಟಿನ 'ಆಡಿಯೋ' ಗುಂಡಿ ಒತ್ತಿದರೆ ಪರದೆಯ ಮೇಲೆ 5.1 ಅಥವಾ 2.0 ಎಂದು ಕಾಣುತ್ತದೆ. 2.0 ಡಿಸ್ಕಿಗೆ ಪ್ಲೇಯರಿನಲ್ಲಿ ಪ್ರೊ ಲಾಜಿಕ್ (ಎರಡು ಚಾನಲನ್ನು ಸೆಂಟರ್, ಸರೌಂಡ್‌ಗೂ ಹಂಚುವ ಆಯ್ಕೆ) ಇದ್ದರೆ ಹಾಕಿ. ಆಗ ಹಳೆಯ ಕಪ್ಪು-ಬಿಳುಪು ಚಿತ್ರದ ಮೋನೋ ಧ್ವನಿ ಪೂರ್ತಿ ಸೆಂಟರಿನಲ್ಲೇ ಬರುತ್ತದೆ, ಉಳಿದ ನಾಲ್ಕು ಸುಮ್ಮನಿರುತ್ತವೆ. ಅದು ಕೆಟ್ಟಿದ್ದಲ್ಲ, ಹಾಗೇ ಬರಬೇಕು.

ಪಕ್ಕದ ಮನೆಗೂ ನಿಮಗೂ ಗೋಡೆ ಒಂದೇ ಆಗಿದ್ದರೆ ರಾತ್ರಿ ಹತ್ತರ ಮೇಲೆ ಮೆನುವಿನ 'ಡೈನಾಮಿಕ್ ರೇಂಜ್' ಅಥವಾ 'ಡಿಆರ್‌ಸಿ'ಯನ್ನು ಪೂರ್ತಿಗೆ ಏರಿಸಿ. ಪಿಸುಮಾತು ಮೇಲೇಳುತ್ತದೆ, ಸ್ಫೋಟ ತಗ್ಗುತ್ತದೆ. ಸಬ್‌ವೂಫರಿನ ಕಾಲಡಿ ಹಳೆಯ ಹವಾಯಿ ಚಪ್ಪಲಿಯ ನಾಲ್ಕು ತುಂಡು ಇಟ್ಟರೆ ನೆಲದ ಅದುರಾಟವೂ ಕಡಿಮೆ.